ಕಣ್ಣು ಹೊಡೆಯುವ ಕಾರು

ಕಾರಿನಲ್ಲಿ ಏನೂ ಕೆಟ್ಟಿಲ್ಲ ಎಂದು ಫೋನಿನಲ್ಲಿ ಹೇಳಿಬಿಟ್ಟರೆ ಅದು ಸುಳ್ಳೇನೂ ಆಗುವುದಿಲ್ಲ ಎಂದು ಅವನು ಬೆಳಿಗ್ಗೆ ಹಲ್ಲುಜ್ಜುವಾಗಲೇ ತನ್ನನ್ನು ತಾನು ಒಪ್ಪಿಸಿಕೊಂಡಿದ್ದ. ಹುಡುಕಿದ್ದೇನೆ, ಸಿಕ್ಕಿಲ್ಲ, ಸಿಗದೆ ಇದ್ದುದನ್ನು ಸಿಕ್ಕಿಲ್ಲ ಅನ್ನುವುದರಲ್ಲಿ ಯಾವ ಪಾಪ? ಕನ್ನಡಿಯಲ್ಲಿದ್ದ ಮುಖ ಮಾತ್ರ ಬಾಯಿ ತುಂಬ ನೊರೆ ಇಟ್ಟುಕೊಂಡು ಆ ಮಾತನ್ನು ಅಷ್ಟಾಗಿ ನಂಬಿದಂತೆ ಕಾಣಲಿಲ್ಲ. ಈಗ ಷೆಡ್ಡಿನ ಶಟರ್ ಎತ್ತಿ, ಬೆಳಕು ಮೊದಲು ಟೈರಿಗೆ, ಆಮೇಲೆ ಕೆಂಪು ಬಾಗಿಲಿಗೆ, ಆಮೇಲೆ ಗಾಜಿಗೆ ಏರುವುದನ್ನು ನೋಡುತ್ತ ನಿಂತಾಗ ಮನಸ್ಸು ಎಂದಿನ ಹಾಗೆ ಹಗುರಾಯಿತು. ಈ ಹೊತ್ತು ಅವನಿಗೆ ಇಷ್ಟ. ಪಕ್ಕದ ಪ್ರೆಸ್ಸಿನ ಮಷೀನು ಇನ್ನೂ ಶುರುವಾಗಿರುವುದಿಲ್ಲ, ಗೋಡೆಯ ಮೊಳೆಗಳಿಗೆ ನೇತುಹಾಕಿದ ಬಣ್ಣಬಣ್ಣದ ವೈರುಗಳು ಕದಲುವುದಿಲ್ಲ, ನಿನ್ನೆ ವೈರು ಬೆಸೆದ ಸೋಲ್ಡರಿನ ವಾಸನೆ ಇನ್ನೂ ಗಾಳಿಯಲ್ಲಿರುತ್ತದೆ. ಕಾರುಗಳ ವೈರು ನೋಡುವ ಈ ಕಸುಬಿನಲ್ಲಿ ಅರ್ಧ ಆಯುಷ್ಯ ಕಳೆದಿದ್ದರೂ ಬೆಳಿಗ್ಗೆ ಶಟರ್ ಎತ್ತುವಾಗ ಬೇಸರ ಅನ್ನಿಸಿದ ದಿನ ಅವನಿಗೆ ನೆನಪಿಲ್ಲ. ಇವತ್ತೂ ಬೇಸರವಿರಲಿಲ್ಲ, ಆದರೆ ಬೂಟಿನೊಳಗೆ ಕಲ್ಲು ಸೇರಿಕೊಂಡ ಹಾಗೆ ಏನೋ ಒತ್ತುತ್ತಿತ್ತು.

ಕಾರು ಭಾವನದು. ಅವನ ಹೆಂಡತಿಯ ಅಕ್ಕನ ಗಂಡ. ಅಂದರೆ ಷಡ್ಡಕ, ಆದರೆ ಹೆಂಡತಿ ಭಾವ ಅನ್ನುವುದರಿಂದ ಅವನೂ ಭಾವ ಎಂದೇ ರೂಢಿ ಮಾಡಿಕೊಂಡಿದ್ದ. ಇಬ್ಬರೇ ಕೂರಬಹುದಾದ ಹಳೆಯ ಸ್ಪೋರ್ಟ್ಸ್ ಕಾರು. ಹತ್ತುವುದೆಂದರೆ ನೆಲದ ಮೇಲೆ ಕೂತಷ್ಟೇ ಕಷ್ಟ, ಇಳಿಯುವುದೆಂದರೆ ಅದಕ್ಕಿಂತ ಕಷ್ಟ. ಹೆಡ್‌ಲೈಟುಗಳು ಬಾನೆಟ್ಟಿನೊಳಗೆ ಅಡಗಿರುತ್ತವೆ. ಸ್ವಿಚ್ಚು ಹಾಕಿದರೆ ಎರಡು ಮುಚ್ಚಳ ಎದ್ದು ನಿಂತು ಕಣ್ಣು ಬಿಡುತ್ತವೆ. ಕೆಲಸದಿಂದ ನಿವೃತ್ತನಾದ ಮೇಲೆ ಭಾವ ದಿನಾ ಬೆಳಿಗ್ಗೆ ಅದನ್ನು ಒರೆಸಿ, ಊರಾಚೆಯ ನೇರ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ಹೊಸದಾಗಿ ಮದುವೆಯಾದವನ ಮುಖ ಮಾಡಿಕೊಂಡು ಪೇಪರ್ ಓದಲು ಕೂರುತ್ತಿದ್ದ. ಹಾಗಿದ್ದವನು ಈಚೆಗೆ ಕಾರು ನಡುದಾರಿಯಲ್ಲಿ ಇದ್ದಕ್ಕಿದ್ದ ಹಾಗೆ ಸತ್ತುಹೋಗುತ್ತದೆ, ಮೀಟರಿನ ಮುಳ್ಳುಗಳೆಲ್ಲ ಕೆಳಗೆ ಬೀಳುತ್ತವೆ, ಮತ್ತೆ ತಾನಾಗಿಯೇ ಜೀವ ಬರುತ್ತದೆ ಎಂದು ಹೇಳತೊಡಗಿದ. ಒಮ್ಮೆ ದೊಡ್ಡ ನಾಲ್ಕು ರಸ್ತೆಯ ಮಧ್ಯೆಯೇ ನಿಂತುಬಿಟ್ಟಿತಂತೆ. ಹಿಂದಿನವರು ಹಾರ್ನ್ ಹೊಡೆದು, ಬೈದು, ಕೊನೆಗೆ ಟ್ರಾಫಿಕ್ ಪೊಲೀಸನೇ ಬಂದು ಬಾಗಿಲಿಂದ ಕೈ ಹಾಕಿ ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟಾಯಿತು. 'ಮನೆಯವರು ಯಾರಾದ್ರೂ ಇದಾರಾ, ಯಜಮಾನ್ರೇ?' ಎಂದು ಆ ಪೊಲೀಸ ಮೆತ್ತಗೆ ಕೇಳಿದನಂತೆ. ಬೈಗುಳಕ್ಕಿಂತ ಆ ಮೆತ್ತಗಿನ ದನಿಯೇ ಭಾವನಿಗೆ ತಾಗಿತ್ತು.

ಅಷ್ಟಾಗಿದ್ದರೆ ಕಾರಿಗೇ ಏನೋ ಆಗಿದೆ ಎಂದು ಜನ ನಂಬುತ್ತಿದ್ದರೇನೋ. ಆದರೆ ಹೋದ ಭಾನುವಾರ ಎಲ್ಲರೂ ಊಟಕ್ಕೆ ಸೇರಿದ್ದಾಗ ಭಾವ ತಟ್ಟೆಯಿಂದ ತಲೆ ಎತ್ತಿ, 'ಜೀವ ಬಂದ್ಮೇಲೆ ಒಂದು ದೀಪ ಮೇಲೆದ್ದು ನಂಗೆ ಕಣ್ಣು ಹೊಡೀತು' ಅಂದ. ಭಾವನ ಮಗಳು ಅಮ್ಮನ ಕಡೆ ನೋಡಿದಳು. ಮನೆಮಂದಿಯೆಲ್ಲ ದೊಡ್ಡಕ್ಕ ಎಂದು ಕರೆಯುವ ಆ ಅಮ್ಮ ನೀರಿನ ಲೋಟದ ಕಡೆ ನೋಡಿದಳು, ಆಮೇಲೆ ಏನಾದರೂ ಹೇಳಬೇಕಲ್ಲ ಎಂದು, 'ಮೊದಲು ನೆಟ್ಟಗೆ ಕೂತ್ಕೊಂಡು ಊಟ ಮಾಡಿ' ಅಂದಳು. ಅದು ಅವಳು ಗಂಡನಿಗೆ ಮದುವೆಯಾದ ದಿನದಿಂದ ಹೇಳುತ್ತ ಬಂದ ಮಾತು. ಸೋಫಾದಲ್ಲಿ, ಫೋಟೋ ತೆಗೆಸುವಾಗ, ಆಸ್ಪತ್ರೆಯ ಬೆಂಚಿನ ಮೇಲೆ, ಕಾರಿನಲ್ಲಿ, ಎಲ್ಲಿ ಕೂತರೂ ಭಾವ ಆರಾಮಕುರ್ಚಿಗೆ ಬಿದ್ದವನ ಹಾಗೆ ಉದ್ದಕ್ಕೆ ಜಾರಿಕೊಳ್ಳುತ್ತಾನೆ, ಅವಳು ನೆಟ್ಟಗೆ ಕೂತ್ಕೊಳ್ಳಿ ಅನ್ನುತ್ತಾಳೆ, ಅವನು ಕೂರುತ್ತಾನೆ. ಆ ದಿನವೂ ಕೂತ. ಊಟ ಮುಗಿಯುವವರೆಗೆ ಮಗಳು ಅಪ್ಪನ ಎದುರಿಗೇ ಅಪ್ಪನ ಬಗ್ಗೆ ಅವರು, ಅವರಿಗೆ ಎಂದು ಮಾತಾಡಿದಳು. ಡ್ರೈವ್ ಮಾಡೋದು ಸಾಕು, ತಲೆಯ ಡಾಕ್ಟರಿಗೆ ತೋರಿಸೋಣ, ಕಾರನ್ನು ಯಾರಾದರೂ ಆಸೆಪಟ್ಟವರಿಗೆ ಕೊಟ್ಟುಬಿಡೋಣ. ಹಲ್ಲಿನ ಡಾಕ್ಟರೊಬ್ಬರು ಆಗಲೇ ಆಸೆಪಟ್ಟು ಕಾಯುತ್ತಿದ್ದರು. ಭಾವ ಕೈ ಒರೆಸುವ ಬಟ್ಟೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದ. ಎಲ್ಲ ಮುಗಿದ ಮೇಲೆ ತಗ್ಗಿದ ದನಿಯಲ್ಲಿ, 'ಮೊದಲು ಒಂದ್ಸಲ ನಮ್ಮ ಬಲ್ಬು ನೋಡ್ಲಿ' ಎಂದಷ್ಟೇ ಕೇಳಿಕೊಂಡ.

ಬಲ್ಬು ಎಂದರೆ ಇವನು. ಮದುವೆಯಾದ ಹೊಸದರಲ್ಲಿ, ಮಾವನ ಮನೆಯ ತುಂಬ ನೆಂಟರಿದ್ದಾಗ ಇದ್ದಕ್ಕಿದ್ದ ಹಾಗೆ ದೀಪ ಹೋಗಿ, ಹೊಸ ಅಳಿಯನಾದ ಇವನು ಹೊಸ ಅಂಗಿಯಲ್ಲೇ ಸ್ಟೂಲು ಹತ್ತಿ ಫ್ಯೂಸು ಹಾಕಿದ್ದ. ಬೆಳಕು ಬಂದ ಕೂಡಲೇ ಭಾವ ಚಪ್ಪಾಳೆ ತಟ್ಟಿ, 'ಬಂದ್ರಪ್ಪಾ ನಮ್ಮ ಬಲ್ಬು!' ಅಂದಿದ್ದ. ಎಲ್ಲರೂ ನಕ್ಕರು, ಇವನೂ ನಕ್ಕ, ಸ್ಟೂಲಿನ ಮೇಲೆ ನಿಂತುಕೊಂಡು ನಗುವುದು ಎಷ್ಟು ಕಷ್ಟ ಎಂದು ಅವತ್ತೇ ಗೊತ್ತಾದದ್ದು. ಅದು ಪ್ರೀತಿಯ ಹೆಸರೇ. ಭಾವನ ಮನಸ್ಸಿನಲ್ಲಿ ಕಲ್ಮಶವಿಲ್ಲ ಎಂದು ಎಲ್ಲರಂತೆ ಇವನಿಗೂ ಗೊತ್ತು. ಆದರೂ ಯಾವ ಮನೆಯ ಊಟಕ್ಕೆ ಹೋಗಲಿ, ಕುರ್ಚಿ ಎಳೆದು ಕೂರುವ ಮೊದಲೇ 'ಬಲ್ಬೂ, ಆ ಫ್ಯಾನ್ ಯಾಕೋ ಕಿರುಗುಟ್ಟುತ್ತೆ ನೋಡಯ್ಯಾ' ಎಂಬ ದೊಡ್ಡ ದನಿ ಬರುತ್ತಿತ್ತು, ಇವನು ತೋಳು ಮಡಿಸಿಕೊಂಡು ಏಳುತ್ತಿದ್ದ. ಹಾಗಾಗಿಯೇ ಭಾನುವಾರ ಆ ದೊಡ್ಡ ದನಿ ತಗ್ಗಿ ಕೇಳಿಕೊಂಡಾಗ ಇವನ ಎದೆಯಲ್ಲಿ ಸಿಹಿಯಾದದ್ದೇನೋ ಕದಲಿತು. ಮನೆಗೆ ಬರುವ ದಾರಿಯಲ್ಲಿ ಹೆಂಡತಿ ಇವನ ಮುಖವನ್ನೇ ನೋಡುತ್ತಿದ್ದು, 'ನಿಂಗೆ ಒಳಗೊಳಗೇ ಖುಷಿ ಆಗ್ತಿದೆ, ಅಲ್ವಾ?' ಅಂದಳು. 'ಛೇ, ಏನು ಮಾತು ಅಂತ ಆಡ್ತೀಯ' ಎಂದು ಇವನು ರೇಗಿದ. ಅವಳು ಜೋರಾಗಿ ನಕ್ಕಳು. ಇವನ ಸಣ್ಣತನಗಳನ್ನು ಅವಳು ಒಗೆದ ಬಟ್ಟೆಯ ಜೇಬಿನಲ್ಲಿ ಸಿಕ್ಕ ಸ್ಕ್ರೂಗಳ ಹಾಗೆ ತೆಗೆದು ಮೇಜಿನ ಮೇಲಿಡುತ್ತಾಳೆ, ಕೋಪ ಮಾಡಿಕೊಳ್ಳುವುದಿಲ್ಲ. ಇಂಥ ಹೆಂಡತಿ ಇರುವುದು ತನ್ನ ಪುಣ್ಯ ಎಂದು ಅವನು ಆಗಲೂ ಅಂದುಕೊಂಡ, ರೇಗುತ್ತಲೇ.

ಅದಾದ ಮೇಲೆ ಪ್ರತಿದಿನ ಬೇರೆ ಕೆಲಸಗಳ ನಡುವೆ ಬಿಡುವು ಮಾಡಿಕೊಂಡು ಆ ಕಾರನ್ನು ನೋಡಿದ್ದಾನೆ. ಸೀಟಿನ ಹಿಂದಿದ್ದ ಬ್ಯಾಟರಿಯ ತುದಿಗಳನ್ನು ಉಜ್ಜಿ ಬಿಗಿ ಮಾಡಿದ. ಕಾರಿನ ತಗಡಿಗೆ ಹಿಡಿಸಿದ ಅರ್ಥ್ ವೈರುಗಳನ್ನು ಒಂದೊಂದಾಗಿ ಬಿಚ್ಚಿ ತುಕ್ಕು ತೆಗೆದ. ಫ್ಯೂಸ್ ಪೆಟ್ಟಿಗೆಯನ್ನು ಕೆಳಗಿಳಿಸಿ ಹಿಂದೆ ಮುಂದೆ ನೋಡಿದ. ರಿಲೇಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದ, ಹೆಂಡತಿಯ ಕೂದಲು ಒಣಗಿಸುವ ಮಷೀನಿನಿಂದ ಬಿಸಿ ಮಾಡಿದ, ನೀರು ಚಿಮುಕಿಸಿದ, ಡ್ಯಾಶ್‌ಬೋರ್ಡಿನ ಹಿಂದೆ ಕೈ ತೂರಿಸಿ ಪ್ರತಿಯೊಂದು ವೈರಿನ ಗೊಂಚಲನ್ನೂ ಹಿಡಿದು ಅಲ್ಲಾಡಿಸಿದ. ರೈಲ್ವೆ ಗೇಟಿನ ಹತ್ತಿರದ ಗುಂಡಿ ಬಿದ್ದ ರಸ್ತೆಯಲ್ಲಿ ಬೇಕೆಂದೇ ಓಡಿಸಿದ. ಕಾರು ಬೆಣ್ಣೆಯ ಹಾಗೆ ಓಡಿತು. ಆಗೊಮ್ಮೆ ಈಗೊಮ್ಮೆ ಬಂದುಹೋಗುವ ದೋಷ ಎಲೆಕ್ಟ್ರಿಷಿಯನ್ ಮುಂದೆ ಬಂದು ನಿಲ್ಲುವುದಿಲ್ಲ. ಅದಕ್ಕೆ ನಾಚಿಕೆ ಹೆಚ್ಚು, ಗದ್ದಲ ಮಾಡದೆ ಕಾದರೆ ಮಾತ್ರ ಹೊರಗೆ ತಲೆ ಹಾಕುತ್ತದೆ ಎಂದು ಅವನ ನಂಬಿಕೆ. ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಉಳಿದದ್ದೆಲ್ಲ ಇದ್ದ ಹಾಗೇ ಇರಬೇಕು ಎಂಬುದು ಅವನ ಇನ್ನೊಂದು ನೇಮ. ಆ ನೇಮವನ್ನು ಈ ಕಾರಿನಲ್ಲೂ ಚಾಚೂ ತಪ್ಪದೆ ಪಾಲಿಸಿದ್ದೇನೆ ಎಂದೇ ಅವನು ತಿಳಿದಿದ್ದ. ಅವನು ಗಿಡ್ಡ, ಭಾವ ಬಾಗಿಲಿಗೆ ತಲೆ ತಗ್ಗಿಸುವಷ್ಟು ಎತ್ತರ. ಪ್ರತಿ ಸಲ ಕಾರು ಹತ್ತಿದಾಗಲೂ ಮೊದಲು ಸೀಟನ್ನು ಮುಂದಕ್ಕೆ ಎಳೆದು, ಕನ್ನಡಿ ತಿರುಗಿಸಿ, ಆಮೇಲೆ ಕೆಲಸ ಶುರು ಮಾಡುತ್ತಿದ್ದ; ಅದನ್ನು ಬದಲಾವಣೆ ಎಂದು ಅವನ ಕೈಯಾಗಲಿ ತಲೆಯಾಗಲಿ ಲೆಕ್ಕಕ್ಕೇ ಇಟ್ಟಿರಲಿಲ್ಲ.

ನಿನ್ನೆ ಸಂಜೆ ದೊಡ್ಡಕ್ಕ ಫೋನ್ ಮಾಡಿದ್ದಳು. ಬಚ್ಚಲಿನಿಂದಲೋ ಮೆಟ್ಟಿಲ ಕೆಳಗಿಂದಲೋ, ಪಿಸುಮಾತು. 'ಏನಾದ್ರೂ ಸಿಕ್ತಾ?' ಇಲ್ಲ ಅಂದ. 'ಸಿಗಲ್ಲ. ನಾನು ಜೊತೇಲಿದ್ದಾಗ ಒಂದು ದಿನಾನೂ ಹಾಗಾಗಿಲ್ಲ ಕಣೋ. ಒಂದೇ ಒಂದು ದಿನಾನೂ ಇಲ್ಲ. ಅವ್ರು ಒಬ್ರೇ ಇದ್ದಾಗ ಮಾತ್ರ ಆಗುತ್ತೆ ಅಂದ್ರೆ ಏನು ಅಂತ ಅರ್ಥ ಮಾಡ್ಕೋ.' ಪಿಸುಮಾತು ಇನ್ನೂ ತಗ್ಗಿತು. 'ಅವತ್ತು ಆ ರಸ್ತೆ ಮಧ್ಯೆ ಲಾರಿ ಗೀರಿ ಬಂದಿದ್ರೆ? ನಾಳೆ ಬೆಳಿಗ್ಗೆ ಫೋನ್ ಮಾಡಿ ಕಾರಲ್ಲಿ ಏನೂ ಇಲ್ಲ ಅಂತ ಅವ್ರಿಗೇ ಹೇಳ್ಬಿಡು. ನಿನ್ನ ಮಾತಂದ್ರೆ ನಂಬ್ತಾರೆ. ಸಂಜೆ ಆ ಹಲ್ಲಿನ ಡಾಕ್ಟ್ರು ಬಂದು ತಗೊಂಡು ಹೋಗ್ಲಿ.' ನಿನ್ನ ಮಾತಂದರೆ ನಂಬುತ್ತಾರೆ ಅನ್ನುವುದು ಅವನಿಗೆ ಹೊಸ ಸುದ್ದಿಯಾಗಿತ್ತು. ಫೋನು ಇಟ್ಟ ಮೇಲೂ ಬಹಳ ಹೊತ್ತು ಅದನ್ನೇ ತಿರುವಿ ತಿರುವಿ ನೋಡಿದ. ಹಾಗೆ ನಂಬುವ ಮನುಷ್ಯನಿಗೆ ಏನೂ ಇಲ್ಲ ಎಂದು ಹೇಳುವುದೆಂದರೆ, ಕಾರಿನಲ್ಲಿ ಏನೂ ಇಲ್ಲ, ಇರುವುದೆಲ್ಲ ನಿನ್ನ ತಲೆಯಲ್ಲೇ ಎಂದು ಹೇಳಿದ ಹಾಗೆ.

ಹಾಗಾಗಿ ಫೋನ್ ಮಾಡುವ ಮೊದಲು ಕೊನೆಯದಾಗಿ ಒಂದು ಸಲ ಎಂದು ಅವನು ಕಾರಿನ ಬಾಗಿಲು ತೆರೆದು, ಹೊರಗಿನಿಂದಲೇ ಕೈ ಚಾಚಿ ಕೀ ತಿರುಗಿಸಿದ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು, ಹಳದಿ ದೀಪಗಳು ಹತ್ತಿದವು. ಬ್ಯಾಟರಿಯಿಂದ ಕರೆಂಟು ಬರುತ್ತಿದೆಯೆಂದು ತೋರಿಸುವ ಟೆಸ್ಟ್ ಲ್ಯಾಂಪನ್ನು ಫ್ಯೂಸ್ ಪೆಟ್ಟಿಗೆಗೆ ಸಿಕ್ಕಿಸಿ ಸ್ಟೀರಿಂಗಿಗೆ ನೇತುಹಾಕಿದ. ಪುಟ್ಟ ಹಳದಿ ಬೆಳಕು. ಸ್ಟೂಲು ಎಳೆದುಕೊಂಡು ಅದರ ಎದುರು ಸುಮ್ಮನೆ ಕೂತ. ಪ್ರೆಸ್ಸಿನ ಮಷೀನು ಶುರುವಾಯಿತು, ಗೋಡೆಯ ವೈರುಗಳು ಮೆಲ್ಲಗೆ ನಡುಗಿದವು, ಲ್ಯಾಂಪು ಉರಿಯುತ್ತಲೇ ಇತ್ತು. ಫೋನು ಕೈಗೆ ತಗೊಂಡು ಏನು ಹೇಳಬೇಕು, ಹೇಗೆ ಶುರು ಮಾಡಬೇಕು ಎಂದು ಯೋಚಿಸುತ್ತಿದ್ದಾಗ ಶಟರಿನ ಬೆಳಕಿಗೆ ಅಡ್ಡವಾಗಿ ಎತ್ತರದ ನೆರಳು ಬಿತ್ತು.

'ಕನ್ನಡಕ,' ಎಂದ ಭಾವ. 'ಓದೋ ಕನ್ನಡಕ ಕಾರಲ್ಲೇ ಬಿಟ್ಟಿದೀನಿ ಅನ್ಸುತ್ತೆ. ನೀನು ಕೆಲಸ ಮಾಡಪ್ಪಾ, ನಾನು ತಗೊಂಡು ಹೋಗ್ತೀನಿ.'

ಎರಡು ಬಸ್ಸು ಬದಲಾಯಿಸಿ ಕನ್ನಡಕಕ್ಕೆ ಬರುವವರು ಯಾರೂ ಇಲ್ಲ. ಕಾರು ನೋಡಲು ಬಂದಿದ್ದಾನೆ ಎಂದು ಇವನಿಗೆ ಗೊತ್ತಾಯಿತು, ಗೊತ್ತಾಯಿತೆಂದು ಭಾವನಿಗೂ ಗೊತ್ತಾಯಿತು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ಕೂದಲು, ಯಾರನ್ನೋ ಬೀಳ್ಕೊಡಲು ಸ್ಟೇಷನ್ನಿಗೆ ಬಂದ ಹಾಗಿದ್ದ. ಒಳಗೆ ಬರಲೇ ಎಂದು ಕೇಳಿದವನಂತೆ ಶಟರಿನ ಹತ್ತಿರವೇ ನಿಂತಿದ್ದ. ಮೊದಲಾಗಿದ್ದರೆ ಬೀದಿಯಿಂದಲೇ ಬಲ್ಬೂ ಎಂದು ಕೂಗಿ ಪ್ರೆಸ್ಸಿನವರೂ ಹೊರಗೆ ಬಂದು ನೋಡುವ ಹಾಗೆ ಮಾಡುತ್ತಿದ್ದ. 'ಬನ್ನಿ ಭಾವ, ಅದಕ್ಕೇನು' ಎಂದು ಇವನು ಎದ್ದು ಸ್ಟೂಲು ಸರಿಸಿದ.

ಭಾವ ಬಾನೆಟ್ಟಿನ ಮೇಲೆ ಒಮ್ಮೆ ಅಂಗೈ ಆಡಿಸಿ, ಬಾಗಿಲ ಹತ್ತಿರ ಬಂದು, ಮೊದಲು ಸೊಂಟ ಆಮೇಲೆ ಒಂದೊಂದೇ ಕಾಲು ಒಳಗಿಡಲು ಹೋಗಿ ಮೊಣಕಾಲನ್ನು ಸ್ಟೀರಿಂಗಿಗೆ ಹೊಡೆಸಿಕೊಂಡ. 'ಅಯ್ಯೋ! ಏನಯ್ಯಾ ಇದು, ಸೀಟನ್ನ ಇಷ್ಟು ಮುಂದಕ್ಕೆ ಎಳೆದಿದೀಯ? ನನ್ನೇನು ಮಡಿಸಿ ಇಡ್ತೀಯಾ ಇಲ್ಲಿ?' ಕೆಳಗೆ ಕೈ ಹಾಕಿ ಹಿಡಿ ಎತ್ತಿ, ಹಿಂದಕ್ಕೆ ತಳ್ಳಿದ. ಸೀಟು ಕೊನೆಯವರೆಗೆ ಜಾರಿ ಖಟ್ಟನೆ ಕೂತಿತು. ಭಾವ ಅದರಲ್ಲಿ ಉದ್ದಕ್ಕೆ ಒರಗಿ, ಒಂದು ನಿಟ್ಟುಸಿರು ಬಿಟ್ಟು, ಪಕ್ಕದ ಸೀಟಿನ ಕೆಳಗೆ ಕೈಯಾಡಿಸಲು ಆ ಕಡೆಗೆ ವಾಲಿದ.

ಲ್ಯಾಂಪು ಆರಿತು.

ಡ್ಯಾಶ್‌ಬೋರ್ಡಿನ ದೀಪಗಳೂ ಆರಿದ್ದವು. ಭಾವನ ಮುಖ ಆ ಕಡೆಗಿತ್ತು; ಕನ್ನಡಕ ಹುಡುಕುವ ನಾಟಕದಲ್ಲಿ ಮುಳುಗಿದ್ದ. ಅವನು ಸ್ವಲ್ಪ ನೆಟ್ಟಗಾದ, ಎಲ್ಲವೂ ಹತ್ತಿಕೊಂಡವು. ಮತ್ತೆ ವಾಲಿದ, ಆರಿದವು. ನೋಡಿದವನು ಇವನೊಬ್ಬನೇ. ಸೀಟು, ಸೀಟಿನ ಕೆಳಗೆ, ಬ್ಯಾಟರಿಯಿಂದ ಮುಂದಕ್ಕೆ ಹೋಗುವ ದಪ್ಪ ವೈರು ಸೀಟಿನ ಕೆಳಗೇ ಹೋಗುತ್ತದಲ್ಲವೇ, ಇಷ್ಟು ದಿನ ನಾನೇ ಪ್ರತಿ ಸಲವೂ ಸೀಟನ್ನು ಮುಂದಕ್ಕೆ ಎಳೆದು ಕಾರನ್ನು ವಾಸಿ ಮಾಡಿ, ಆಮೇಲೆ ಕಾಯಿಲೆ ಹುಡುಕುತ್ತಿದ್ದೆನಲ್ಲವೇ? ಕಸುಬಿನ ಸುಖ ಮೈಯೆಲ್ಲ ಹರಿಯಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ತಣ್ಣಗೆ ಬಂದು ನಿಂತಿತು. ಇದು ನನಗೊಬ್ಬನಿಗೇ ಗೊತ್ತು. ಸುಮ್ಮನಿದ್ದರೆ ಸಂಜೆಗೆ ಕಾರು ಹೋಗುತ್ತದೆ, ದೊಡ್ಡಕ್ಕ ನೆಮ್ಮದಿಯಾಗಿ ಮಲಗುತ್ತಾಳೆ, ಇನ್ನು ಯಾವ ಊಟದ ಮೇಜಿನಲ್ಲೂ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಸ್ಟೂಲಿನ ಮೇಲೆ ನಿಂತು ನಕ್ಕ ಹೊಸ ಅಳಿಯ ಅವನೊಳಗಿಂದ ಇಣುಕಿ, ಒಂದು ಉಸಿರಿನಷ್ಟು ಹೊತ್ತು ಈ ರುಚಿ ನೋಡು ಅಂದ. ಅವನು ನೋಡಿದ. ಸಿಹಿಯಾಗಿಯೇ ಇತ್ತು. ಆದರೆ ಎದುರಿಗಿದ್ದ ಮನುಷ್ಯ ಬಾಚಿದ ಬಿಳಿ ತಲೆಯನ್ನು ಸೀಟಿನ ಕೆಳಗೆ ತೂರಿಸಿಕೊಂಡು, ಇಲ್ಲದ ಕನ್ನಡಕವನ್ನು ಹುಡುಕುತ್ತ, 'ಎಲ್ಲೋಯ್ತಪ್ಪಾ, ಇಲ್ಲೇ ಇಟ್ಟಿದ್ದೆ' ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಇವನಿಗೆ ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು.

'ಭಾವ, ಹಾಗೇ ಇರಿ. ಅಲ್ಲಾಡಬೇಡಿ.'

'ಯಾಕೆ, ಹಾವಾ?'

'ಅಲ್ಲ, ತಲೆ ಮಾತ್ರ ತಿರುಗಿಸಿ. ಡ್ಯಾಶ್‌ಬೋರ್ಡ್ ನೋಡಿ.'

ಭಾವ ಕತ್ತು ಹೊರಳಿಸಿ ನೋಡಿದ. ಒಂದೂ ದೀಪವಿರಲಿಲ್ಲ. ಕೀ ಆನ್ ಇತ್ತು. ಬಹಳ ಹೊತ್ತು ಹಾಗೇ ವಾಲಿಕೊಂಡು ನೋಡುತ್ತಿದ್ದ. ಆಮೇಲೆ ಡ್ಯಾಶ್‌ಬೋರ್ಡನ್ನು ಬಿಟ್ಟು ಇವನ ಮುಖ ನೋಡಿದ.

'ನಿಂಗೂ ಕಾಣಿಸ್ತಿದೆಯಾ?'

'ಕಾಣಿಸ್ತಿದೆ ಭಾವ.'

'ನಿಜ ಹೇಳು. ನನ್ನ ಸಮಾಧಾನಕ್ಕೆ ಹೇಳಬೇಡ.'

'ನಿಮ್ಮ ಸಮಾಧಾನಕ್ಕೆ ನಾನ್ಯಾಕೆ ಹೇಳ್ಲಿ? ಕಾಣಿಸ್ತಿದೆ. ಲ್ಯಾಂಪೂ ಆರಿದೆ ನೋಡಿ ಅಲ್ಲಿ.'

ಭಾವ ಸ್ಟೀರಿಂಗಿನ ಮೇಲೆ ಹಣೆಯಿಟ್ಟುಕೊಂಡ. ಹಾಗೆ ಮುಂದಕ್ಕೆ ಬಾಗಿದ್ದರಿಂದ ಎಲ್ಲ ದೀಪಗಳೂ ಒಟ್ಟಿಗೆ ಹತ್ತಿ ಅವನ ಕೆನ್ನೆ ಕೆಂಪಗಾಯಿತು. 'ನನ್ನ ತಲೇಲೇ ಲೂಸ್ ಕನೆಕ್ಷನ್ ಅಂತ ನಾನೂ ನಂಬಿಬಿಟ್ಟಿದ್ನಯ್ಯಾ' ಎಂದ, ಸ್ಟೀರಿಂಗಿಗೇ. 'ರಾತ್ರಿ ಮಲಗಿ ಹಳೇ ಫೋನ್ ನಂಬರೆಲ್ಲ ನೆನಪಿದೆಯಾ ಅಂತ ಹೇಳ್ಕೊಂಡು ನೋಡ್ತಿದ್ದೆ.' ಇವನು ಟಾರ್ಚು ತಗೊಂಡು ನೆಲಕ್ಕೆ ಮಲಗಿ ಸೀಟಿನ ಕೆಳಗೆ ತಲೆ ಹಾಕಿದ. ಅಲ್ಲಿತ್ತು. ಸೀಟು ಕೊನೆಯವರೆಗೆ ಹಿಂದಕ್ಕೆ ಹೋದಾಗ ಅದು ಜಾರುವ ಹಳಿಯ ಬೋಲ್ಟೊಂದು ವೈರಿನ ಗೊಂಚಲಿಗೆ ಒತ್ತುತ್ತಿತ್ತು. ಮೇಲಿನ ಪ್ಲಾಸ್ಟಿಕ್ ಸಿಪ್ಪೆಗೆ ಒಂದು ಗೀರೂ ಇಲ್ಲ, ಹೊಸದರ ಹಾಗೆ ಹೊಳೆಯುತ್ತಿತ್ತು. ಬೆರಳಿನಲ್ಲಿ ಒತ್ತಿ ನೋಡಿದರೆ ಒಳಗಿನ ತಾಮ್ರ ತುಂಡಾಗಿರುವುದು ಮೆತ್ತಗೆ ಕೈಗೆ ಸಿಕ್ಕಿತು. ಭಾರದ ಮನುಷ್ಯನೊಬ್ಬ ಉದ್ದಕ್ಕೆ ಜಾರಿ ಪಕ್ಕಕ್ಕೆ ವಾಲಿದರೆ ತುದಿಗಳು ದೂರವಾಗುತ್ತವೆ, ನೆಟ್ಟಗೆ ಕೂತರೆ ಸೇರುತ್ತವೆ. ಕತ್ತರಿಸಿ, ಹೊಸ ತುಂಡು ಹಾಕಿ ಸೋಲ್ಡರು ಮಾಡಿದರೆ ಟೀ ಆರುವುದರೊಳಗೆ ಮುಗಿಯುವ ಕೆಲಸ. ಇಕ್ಕಳಕ್ಕೆ ಕೈ ಚಾಚಿದ.

'ಮುಟ್ಟಬೇಡ!' ಎಂದು ಮೇಲಿನಿಂದ ದನಿ ಬಂತು, ಹಳೆಯ ದೊಡ್ಡ ದನಿ. 'ಈಗ ರಿಪೇರಿ ಮಾಡಿಬಿಟ್ರೆ ಅವಳು ನಂಬ್ತಾಳಾ? ಬಲ್ಬು ಪಾಪ ನಿಮ್ಮನ್ನ ಬಚಾವ್ ಮಾಡೋಕೆ ಹೇಳ್ದ ಅಂತಾಳೆ. ಮೊದಲು ಅವಳು ಬಂದು ನೋಡ್ಲಿ.'

ಕೆಟ್ಟದ್ದನ್ನು ಕೆಟ್ಟ ಹಾಗೇ ಕಾಪಾಡಿಕೊಂಡು ಕೂರುವುದು ಅವನ ಕಸುಬಿನಲ್ಲಿ ಇದೇ ಮೊದಲು. ದೊಡ್ಡಕ್ಕನಿಗೆ ಫೋನ್ ಮಾಡಿ ಬನ್ನಿ ಎಂದಷ್ಟೇ ಹೇಳಿದ. ಅವಳು ಬರುವವರೆಗೆ ಇಬ್ಬರೂ ಟೀ ಕುಡಿಯುತ್ತ, ಎಚ್ಚರದಿಂದ ಕಾರಿನಿಂದ ದೂರ ನಿಂತಿದ್ದರು, ಜೋರಾಗಿ ಮಾತಾಡಿದರೂ ಅದು ಸರಿಹೋಗಿಬಿಡುತ್ತದೇನೋ ಎನ್ನುವ ಹಾಗೆ. ಭಾವ ನಡುನಡುವೆ 'ಇರುತ್ತೆ ತಾನೇ?' ಎಂದು ಕೇಳುತ್ತಿದ್ದ. 'ಇರುತ್ತೆ' ಎಂದು ಇವನು ಧೈರ್ಯ ಹೇಳುತ್ತಿದ್ದ. ಇಷ್ಟು ವರ್ಷಗಳಲ್ಲಿ ತಾವಿಬ್ಬರೇ ಹೀಗೆ ನಿಂತು ಟೀ ಕುಡಿದದ್ದು ಯಾವಾಗ ಎಂದು ಯೋಚಿಸಿ, ಒಮ್ಮೆಯೂ ಇಲ್ಲ ಎಂದು ಹೊಳೆದು ಅವನಿಗೆ ಆಶ್ಚರ್ಯವಾಯಿತು.

ದೊಡ್ಡಕ್ಕ ಟ್ಯಾಕ್ಸಿಯಿಂದ ಇಳಿದು, ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಒಳಗೆ ಬಂದಳು. ಗಂಡನನ್ನು ಅಲ್ಲಿ ಕಂಡು ಅವಳ ಮುಖ ಇಳಿಯಿತು. 'ಇಲ್ಲಿಗೆ ಬಂದಿದೀರಾ? ಪಾರ್ಕಿಗೆ ಅಂತ ಹೇಳಿ ಹೊರಟ್ರಲ್ಲ!' ಭಾವ ಮಂತ್ರಿಯ ಹಾಗೆ ಕೈ ಎತ್ತಿ ಅವಳನ್ನು ಬಾಗಿಲ ಪಕ್ಕ ನಿಲ್ಲಿಸಿ, ಕಾರಿನಲ್ಲಿ ಕೂತ. ಕೀ ತಿರುಗಿಸಿದ. ಪಕ್ಕಕ್ಕೆ ವಾಲಿದ. ದೀಪಗಳು ಉರಿಯುತ್ತಲೇ ಇದ್ದವು. ಇನ್ನೊಮ್ಮೆ ವಾಲಿದ. ಉರಿಯುತ್ತಲೇ ಇದ್ದವು. 'ಈಗ ತಾನೇ ಆಗ್ತಿತ್ತು, ಕೇಳು ಬೇಕಾದ್ರೆ ಬಲ್ಬನ್ನ!' ದೊಡ್ಡಕ್ಕ ಇವನ ಕಡೆ ತಿರುಗಿದಳು. ಆ ನೋಟದಲ್ಲಿ ಕೋಪವಿರಲಿಲ್ಲ. ನೀನೂ ಅವರ ಜೊತೆ ಸೇರಿಕೊಂಡೆಯಾ, ಪಾಪ, ಒಳ್ಳೆಯವನು ನೀನು, ಎಂಬಂಥ ಮರುಕವಿತ್ತು. ಇವನ ಮೈ ಉರಿದುಹೋಯಿತು. ನಾನು ಕಂಡದ್ದನ್ನು ನಾನು ಕಂಡಿಲ್ಲ ಎನ್ನುವವರ ಮುಂದೆ ನಿಲ್ಲುವುದೆಂದರೆ ಹೀಗಿರುತ್ತದೆಯೇ, ಭಾವ ಇದನ್ನು ಎಷ್ಟು ದಿನ ನುಂಗಿಕೊಂಡಿದ್ದ?

ಭಾವ ಬೆವರುತ್ತಿದ್ದ. ಅವಸರವಸರವಾಗಿ ಆ ಕಡೆ ಈ ಕಡೆ ಹೊರಳುತ್ತ, ಒರಗುತ್ತ, 'ಸ್ವಲ್ಪ ಇರು, ಈಗ, ಈಗ' ಅನ್ನುತ್ತಿದ್ದ.

'ಸಾಕು ಇಳೀರಿ ಇನ್ನ,' ಎಂದಳು ದೊಡ್ಡಕ್ಕ, ದನಿ ಒಡೆದಿತ್ತು. 'ಏನು ಹೀಗೆ ಹೊರಳಾಡ್ತೀರಾ ಮಕ್ಕಳ ಹಾಗೆ. ನೆಟ್ಟಗೆ ಕೂತ್ಕೊಳ್ಳಿ.'

ಭಾವ ನೆಟ್ಟಗೆ ಕೂತ. ಅಷ್ಟೇ ಅಲ್ಲ, ಕೂರುತ್ತಲೇ ಅವನ ಕೈ ತನ್ನಷ್ಟಕ್ಕೆ ಕೆಳಗೆ ಹೋಗಿ ಹಿಡಿ ಎತ್ತಿ, ಸೀಟನ್ನು ಒಂದು ಹಲ್ಲು ಮುಂದಕ್ಕೆ ಎಳೆದುಕೊಂಡಿತು. ಇವನು ಅದನ್ನು ನೋಡಿದ. ಆಗ ಗೊತ್ತಾಯಿತು: ಅವಳು ಬಂದು ಬಾಗಿಲ ಹತ್ತಿರ ನಿಂತಾಗಲೂ ಆ ಕೈ ಅದನ್ನೇ ಮಾಡಿತ್ತು, ಯಾರೂ ಗಮನಿಸಿರಲಿಲ್ಲ, ಭಾವನೂ ಗಮನಿಸಿರಲಿಲ್ಲ. ಕಾರಿನಲ್ಲಿ ಅವಳು ಪಕ್ಕದಲ್ಲಿದ್ದಾಗಲೆಲ್ಲ ಹಾಗೇ ಮಾಡಿರಬೇಕು. ಅವನಿಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಅವನನ್ನೇ ನೋಡಿದರು.

'ದೊಡ್ಡಕ್ಕಾ, ಬೇಜಾರು ಮಾಡ್ಕೋಬೇಡಿ. ನೀವು ಸ್ವಲ್ಪ ಆ ಕಡೆ, ಕಾರಿನ ಮುಂದೆ ಹೋಗಿ ನಿಂತ್ಕೊಳ್ಳಿ. ಬೆನ್ನು ಹಾಕಿ ನಿಂತ್ಕೊಳ್ಳಿ, ನಾನು ಹೇಳಿದಾಗ ತಿರುಗಿ. ಭಾವ, ನೀವು ಸೀಟು ಪೂರ್ತಿ ಹಿಂದಕ್ಕೆ ತಳ್ಳಿ. ಅಕ್ಕ ಇಲ್ಲ. ಊರಾಚೆ ರಸ್ತೆ, ನೀವೊಬ್ರೇ ಇದೀರಿ. ಹೇಗೆ ಕೂರ್ತೀರೋ ಹಾಗೆ ಕೂತ್ಕೊಳ್ಳಿ.'

ಭಾವ ಒಂದು ಕ್ಷಣ ಹೆಂಡತಿಯ ಬೆನ್ನನ್ನೇ ನೋಡಿದ. ಸೀಟು ಹಿಂದಕ್ಕೆ ಜಾರಿ ಖಟ್ಟೆಂದಿತು. ಮೆಲ್ಲಗೆ ಅವನ ಭುಜ ಇಳಿಯಿತು, ಬೆನ್ನು ಜಾರಿತು, ಕಾಲು ಚಾಚಿತು, ಮೊಣಕೈ ಪಕ್ಕದ ಸೀಟಿನ ಮೇಲೆ ಹೋಗಿ ಕೂತಿತು. ಯಾರೂ ನೋಡದಿದ್ದಾಗ ಮನುಷ್ಯ ಎಷ್ಟು ಸುಖವಾಗಿ ಇರುತ್ತಾನೆ ಎಂದು ಇವನು ಬೆರಗಾದ. ದೀಪಗಳು ಆರಿದವು, ಲ್ಯಾಂಪು ಆರಿತು.

'ಈಗ ತಿರುಗಿ, ಅಕ್ಕಾ.'

ದೊಡ್ಡಕ್ಕ ತಿರುಗಿದಳು. ಅವಳು ತಿರುಗಿದ್ದನ್ನು ಕಂಡ ಕೂಡಲೇ, ಪಾಪ, ಆ ಮನುಷ್ಯ ಅಭ್ಯಾಸಬಲದಿಂದ ನೆಟ್ಟಗೆ ಎದ್ದು ಕೂತ. ಕರೆಂಟು ಒಮ್ಮೆಲೇ ವಾಪಸು ಬಂತು. ಬಾನೆಟ್ಟಿನೊಳಗೆ ಎಲ್ಲೋ ಕುಯ್ ಎಂದು ಮೋಟಾರು ತಿರುಗಿ, ದೊಡ್ಡಕ್ಕನ ಎದುರಿಗಿದ್ದ ಒಂದೇ ಒಂದು ಮುಚ್ಚಳ ಎದ್ದು, ಅವಳನ್ನು ನೋಡಿ, ಮತ್ತೆ ಟಪ್ಪನೆ ಮುಚ್ಚಿಕೊಂಡಿತು.

ಕಣ್ಣು ಹೊಡೆಯಿತೆಂಬ ಭಾವನ ಮಾತನ್ನು ಈ ಕ್ಷಣದವರೆಗೆ ಇವನೂ ನಂಬಿರಲಿಲ್ಲ.

'ಅಯ್ಯೋ,' ಎಂದಳು ದೊಡ್ಡಕ್ಕ. ಅಂಗೈ ಬಾಯಿಗೆ ಹೋಯಿತು. 'ಅಯ್ಯೋ, ಕಣ್ಣು ಹೊಡೀತಲ್ರೀ!'

ಭಾವ ಗೆದ್ದೆ ಎಂದು ಕೂಗಲಿಲ್ಲ. ತಲೆಯಾಡಿಸಿದ, ಅಷ್ಟೇ. ಅವಳು ನಗುತ್ತಿದ್ದಳು, ನಗುತ್ತ ನಗುತ್ತ ಅಳುತ್ತಿದ್ದಳು. 'ನಾನು ಮಗಳ ಹತ್ರ ಏನೇನೋ ಹೇಳ್ಬಿಟ್ಟೆ. ಡಾಕ್ಟ್ರ ಹತ್ರ ಬರೋಕೂ ಒಪ್ಪಿಸಿದ್ದೆ ನಿಮ್ಮನ್ನ. ಒಂದು ಮಾತು ಜೋರಾಗಿ ಹೇಳೋದಲ್ವಾ ನೀವು, ಇಡೀ ಜನ್ಮ ಜೋರಾಗಿ ಮಾತಾಡ್ತಾ ಬಂದು?' ಇವನು ವೈರು ಎಲ್ಲಿ ತುಂಡಾಗಿದೆ, ಅವಳಿದ್ದಾಗ ಯಾಕೆ ಆಗುತ್ತಿರಲಿಲ್ಲ, ಕರೆಂಟು ಹೋಗಿ ಬಂದಾಗ ದೀಪದ ಮೋಟಾರು ಒಮ್ಮೊಮ್ಮೆ ಹೇಗೆ ಗಲಿಬಿಲಿಗೊಂಡು ತಿರುಗುತ್ತದೆ ಎಂದು ವಿವರಿಸಿದ. ಅವಳು ಅರ್ಧ ಕೇಳಿಸಿಕೊಂಡಳು. 'ಅಂದ್ರೆ ನಾನು ನೆಟ್ಟಗೆ ಕೂರ್ಸಿದ್ದಕ್ಕೇ ಕಾಣ್ಲಿಲ್ವಾ ನಂಗೆ?' ಎಂದು ಕೇಳಿ, ಉತ್ತರಕ್ಕೆ ಕಾಯದೆ, ಆ ಕಡೆಯ ಬಾಗಿಲು ತೆಗೆದು, ಸೀರೆ ಒಟ್ಟು ಮಾಡಿಕೊಂಡು, ಉಸ್ಸಪ್ಪಾ ಎನ್ನುತ್ತ ಆ ತಗ್ಗು ಸೀಟಿನಲ್ಲಿ ಗಂಡನ ಪಕ್ಕ ಇಳಿದು ಕೂತಳು.

ಅವನು ಇಕ್ಕಳ ಹಿಡಿದುಕೊಂಡು ಕಾದ. ಸಂಜೆಯೊಳಗೆ ಹಲ್ಲಿನ ಡಾಕ್ಟರಿಗೆ ಇಲ್ಲ ಎಂದು ಹೇಳಬೇಕು, ತಲೆಯ ಡಾಕ್ಟರಿಗೂ ಇಲ್ಲ ಎಂದು ಹೇಳಬೇಕು, ಅವನ್ನೆಲ್ಲ ಅವರು ನೋಡಿಕೊಳ್ಳುತ್ತಾರೆ. ಹೆಂಡತಿಗೆ ತಾನೇ ಫೋನ್ ಮಾಡಬೇಕು. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ ಎಂಬುದನ್ನು ಹೇಳದಿದ್ದರೂ ಅವಳು ಅದನ್ನು ಯಾವ ಜೇಬಿನಿಂದಲಾದರೂ ತೆಗೆಯುತ್ತಾಳೆ, ತೆಗೆಯಲಿ.

'ಬಲ್ಬೂ,' ಎಂದ ಭಾವ ಒಳಗಿನಿಂದ, ಬೀದಿಗೆಲ್ಲ ಕೇಳುವ ಹಾಗೆ. 'ಇನ್ನೊಂದು ಸ್ವಲ್ಪ ಹೊತ್ತು ಕೆಟ್ಟೇ ಇರ್ಲಿ ಕಣಯ್ಯಾ. ಅವಳು ಇನ್ನೊಂದ್ಸಲ ನೋಡ್ಬೇಕಂತೆ.'

ಹೆಸರು ಎಂದಿನ ಹಾಗೇ ಇತ್ತು, ಇವತ್ತು ಎಲ್ಲೂ ಚುಚ್ಚಲಿಲ್ಲ. ಅವನು ಇಕ್ಕಳವನ್ನು ಜೇಬಿಗಿಟ್ಟುಕೊಂಡು, ಮೂವರಿಗೆ ಟೀ ಹೇಳಿ ಬರಲು ಹೊರಟ. ಶಟರ್ ದಾಟುವಾಗ ಹಿಂದಿನಿಂದ ದೊಡ್ಡಕ್ಕ ಗದರುವುದು ಕೇಳಿಸಿತು:

'ಅಯ್ಯೋ, ನೆಟ್ಟಗೆ ಕೂತ್ಕೋಬೇಡೀಂದ್ರೆ!'